ಕತ್ತು ತಿರುಚಿದರೆ ಚೌಡಿ, ಕಣ್ಣೀರು ಬಂದರೆ ನಾಟಕ!

ಸೊರಬ ಅಂದ ಕೂಡಲೆ ವೈದ್ಯಲೋಕಕ್ಕೆ ನೆನಪಾಗೋದು ಮಂಗನ ಕಾಯಿಲೆ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಕಾಣಿಸಿಕೊಂಡ ಆ ಜ್ವರದಿಂದ ನಮ್ಮ ಕಡೆಯ ಕಾಡಿನ ಹೆಸರು ಜಗತ್ತಿನ ಪುಸ್ತಕಗಳಿಗೆಲ್ಲ ಹೋಯಿತು. ಜನ ಸತ್ತರೆ ಜೀಪು ಬರುತ್ತೆ, ಪೇಪರಿನವರು ಬರ್ತಾರೆ. ಸಾಯಿಸದೆ, ವರ್ಷಗಟ್ಟಲೆ ಹಿಂಡೋ ಕಾಯಿಲೆಗೆ ಯಾರೂ ಬರಲ್ಲ. ಡಿಸ್ಟೋನಿಯಾ ಅಂಥದ್ದು.

ಮೊದಲು ಅದೇನು ಅಂತ ಹೇಳಿಬಿಡ್ತೀನಿ. ಮೆದುಳಿನಿಂದ ಸ್ನಾಯುಗಳಿಗೆ ಹೋಗೋ ಅಪ್ಪಣೆ ಕೆಡುತ್ತೆ. ಒಂದು ಸ್ನಾಯು ಬಿಗಿದಾಗ ಎದುರಿನದು ಸಡಿಲ ಆಗಬೇಕು. ಇಲ್ಲಿ ಎರಡೂ ಒಟ್ಟಿಗೆ ಬಿಗಿಯುತ್ತವೆ. ಕತ್ತು ಒಂದು ಕಡೆಗೆ ತಿರುಚಿಕೊಳ್ಳುತ್ತೆ, ರೆಪ್ಪೆ ತಾನಾಗಿ ಮುಚ್ಚುತ್ತೆ, ದನಿ ಕಟ್ಟುತ್ತೆ. ಕೆಲವರಿಗೆ ಒಂದೇ ಕೆಲಸದಲ್ಲಿ ತೊಂದರೆ. ಪೆನ್ನು ಹಿಡಿದರೆ ಬೆರಳು ಸೆಟೆಯುತ್ತೆ, ಅದೇ ಕೈಯಲ್ಲಿ ಅನ್ನ ಕಲಸಬಹುದು! ಸೊರಬ, ಸಾಗರದ ಗುಡಿಗಾರರ ಹಾಗೆ ದಿನವಿಡೀ ಸಣ್ಣ ಉಳಿ ಹಿಡಿಯೋ ಕೈಗೆ ಇದು ಬಂದರೆ ಏನು ಗತಿ, ಯೋಚಿಸಿ.

ಇನ್ನೊಂದು ವಿಚಿತ್ರ. ಕತ್ತು ತಿರುಚಿದವರಲ್ಲಿ ಕೆಲವರು ಗಲ್ಲಕ್ಕೆ ಒಂದು ಬೆರಳು ತಾಗಿಸಿದರೆ ಸಾಕು, ತಲೆ ಸ್ವಲ್ಪ ಹೊತ್ತು ನೆಟ್ಟಗಾಗುತ್ತೆ. ಬಲ್ಲ ವೈದ್ಯರಿಗೆ ಇದು ರೋಗದ ಗುರುತು. ನಮ್ಮೂರ ಜಗಲಿಯಲ್ಲಿ? "ಬೆರಳಿಟ್ಟರೆ ಸರಿಹೋಗುತ್ತೆ ಅಂದ್ಮೇಲೆ ನಾಟಕ ಅಲ್ದೆ ಇನ್ನೇನು?" ತೀರ್ಪು ಮುಗೀತು!

ನಾಟಕ ಅಲ್ಲ ಅಂತಾದರೆ ಚೌಡಿ ಕಾಟ. ಪ್ರಶ್ನೆ ಕೇಳಿಸಿ, ಕೋಳಿ ಕೊಡಿಸಿ, ತಾಯಿತ ಕಟ್ಟಿಸಿ... ವಾಂತಿಗೆ ಕೊಡೋ ಮೆಟಾಕ್ಲೋಪ್ರಮೈಡ್ ಔಷಧದಿಂದಲೂ ಕೆಲವು ಮಕ್ಕಳಿಗೆ, ಹರೆಯದವರಿಗೆ ಇದ್ದಕ್ಕಿದ್ದಂತೆ ಕತ್ತು, ನಾಲಿಗೆ, ಕಣ್ಣುಗುಡ್ಡೆ ತಿರುಚಿಕೊಳ್ಳುತ್ತೆ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ನಿಗೆ ಇಳಿಯೋ ತೊಂದರೆಗೆ ರಾತ್ರಿಯಿಡೀ ಬೇವಿನ ಸೊಪ್ಪಿನ ಏಟು ಬೀಳಬೇಕೇ?

ಹಳ್ಳಿಯವರನ್ನು ಮಾತ್ರ ಬೈಯೋದು ನ್ಯಾಯ ಅಲ್ಲ ಬಿಡಿ. 1911ರಲ್ಲಿ ಜರ್ಮನಿಯ ಓಪನ್‌ಹೈಮ್ ಈ ಹೆಸರು ಕೊಟ್ಟ ಮೇಲೂ ದಶಕಗಟ್ಟಲೆ ದೊಡ್ಡ ದೊಡ್ಡ ವೈದ್ಯರೇ ಇದನ್ನು ಮನಸ್ಸಿನ ರೋಗ ಅಂತಿದ್ದರು. ಅದಲ್ಲ, ಮೆದುಳಿನದು ಅಂತ ಒಪ್ಪಿಸೋಕೆ ಲಂಡನ್ನಿನ ಡೇವಿಡ್ ಮಾರ್ಸ್‌ಡೆನ್ 1970ರ ದಶಕದಲ್ಲಿ ಹೆಣಗಬೇಕಾಯಿತು.

ನನ್ನ ತಕರಾರು ಶುರುವಾಗೋದು ಇಲ್ಲೇ. "ಮನಸ್ಸಿನದಲ್ಲ, ಮೆದುಳಿನದು" ಅಂತ ಗೆದ್ದ ಮೇಲೆ ಮನಸ್ಸನ್ನೇ ಕೈಬಿಟ್ಟೆವು! ಡಿಸ್ಟೋನಿಯಾ ಇರೋರಲ್ಲಿ ಖಿನ್ನತೆ, ಆತಂಕ ಬಹಳ ಸಾಮಾನ್ಯ. ಕೆಲವರಲ್ಲಿ ಕತ್ತು ತಿರುಚೋಕೆ ಮುಂಚೆಯೇ ಅವು ಬಂದಿರುತ್ತವೆ. ಕತ್ತು ಎಷ್ಟು ಸೊಟ್ಟ ಆಗಿದೆ ಅನ್ನೋದಕ್ಕಿಂತ ಖಿನ್ನತೆ, ಆತಂಕ, ನೋವುಗಳೇ ಬದುಕನ್ನು ಹೆಚ್ಚು ಕೆಡಿಸುತ್ತವೆ ಅಂತ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ, ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋಕೆ ಆಗದ್ದು ಒಂದು ನಷ್ಟ. ನಾಲ್ಕು ಜನ ನೋಡ್ತಾರೆ ಅಂತ ಸುಲಿಯೋ ಮನೆಗೇ ಹೋಗದೆ, ಮದುವೆಗೆ ಹೋಗದೆ, ಒಳಗೆ ಕತ್ತಲಲ್ಲಿ ಕೂರೋದು ಅದಕ್ಕಿಂತ ದೊಡ್ಡ ನಷ್ಟ.

"ಕತ್ತು ಸರಿಹೋದರೆ ಮನಸ್ಸು ತಾನಾಗಿ ಸರಿಹೋಗುತ್ತೆ" ಅನ್ನೋರಿದ್ದಾರೆ. ಎಲ್ಲರಿಗೂ ಹಾಗಾಗಲ್ಲ ಸ್ವಾಮಿ. ಕತ್ತಿಗೆ ಕೊಡೋ ಬೊಟುಲಿನಮ್ ಇಂಜೆಕ್ಷನ್ನಿನ ಬಲ ಸುಮಾರು 3 ತಿಂಗಳು. ಅದು ದುಬಾರಿ, ಪಳಗಿದ ಕೈ ಬೇರೆ ಬೇಕು. ಶಿಕಾರಿಪುರ, ಸೊರಬದಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ 300 ಕಿಲೋಮೀಟರಿಗೂ ಹೆಚ್ಚು. ವರ್ಷಕ್ಕೆ ಮೂರು ನಾಲ್ಕು ಸಲ, ಜೊತೆಗೊಬ್ಬರು, ಇಬ್ಬರ ಕೂಲಿಯೂ ಖೋತಾ.

ಆ ಇಂಜೆಕ್ಷನ್ ನಾಳೆಯೇ ತಾಲೂಕಿಗೆ ಬರಲಿ ಅಂತ ನಾನು ಹಟ ಮಾಡ್ತಿಲ್ಲ. ಆದರೆ ಖಿನ್ನತೆಗೆ ಚಿಕಿತ್ಸೆ ತಾಲೂಕಿನಲ್ಲೇ ಆಗುತ್ತಲ್ಲ? ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರಬೇಕು ಅಂತಲೇ 2014ರಲ್ಲಿ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮ ಶುರುವಾಗಿದ್ದು. ನಮ್ಮದೇ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ಸ್ಕಿಜೋಫ್ರೀನಿಯಾದಂಥ ಕಾಯಿಲೆಗೇ ಊರಲ್ಲೇ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು ತೋರಿಸಿದ್ದಾರೆ. 2022ರಿಂದ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಟೆಲಿ ಮಾನಸ್ ಜೊತೆ ಮಾತಾಡಬಹುದು, ಪುಕ್ಕಟೆ. ಅಂದರೆ ಮನೆಗೆ ಹತ್ತಿರದ, ಅಗ್ಗದ ಅರ್ಧ ಚಿಕಿತ್ಸೆಯನ್ನೇ ನಾವು ಕೇಳ್ತಾ ಇಲ್ಲ!

ಕೇಳಬೇಕಾದ್ದು ಇಷ್ಟೇ. ನರರೋಗದ ಡಾಕ್ಟ್ರು ಇಂಜೆಕ್ಷನ್ ಬರೆದ ಚೀಟಿಯಲ್ಲೇ ಮಂಗಳವಾರದ ಕ್ಲಿನಿಕ್ಕಿಗೂ ಒಂದು ಸಾಲು ಬರೆಯಲಿ. ಮಂಗಳವಾರದ ಡಾಕ್ಟ್ರು "ಖಿನ್ನತೆ ಇದೆ, ಹಾಗಾಗಿ ಕತ್ತಿನದೂ ಮನಸ್ಸಿನದೇ" ಅಂತ ಹಳೇ ರಾಗ ತೆಗೆಯದಿರಲಿ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದಲೇ ಡಿಸ್ಟೋನಿಯಾ ಬರಬಹುದು, ಅದನ್ನು ಮನೆಯವರಿಗೆ ಮೊದಲೇ ಹೇಳಲಿ. ಬಂಗಾರಪ್ಪ, ಯಡಿಯೂರಪ್ಪ ಅಂತ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಎರಡು ತಾಲೂಕಿಗೆ ಇದು ದೊಡ್ಡ ಬೇಡಿಕೆಯೇ?

ಮತ್ತೆ ಬ್ಲಾಗ್ ಮಿತ್ರರಿಗೆ ಒಂದು ಮಾತು. ಹರಟೆಯಲ್ಲಿ ಸೊಟ್ಟ ಕತ್ತಿನವರ, ಕಣ್ಣು ಮಿಟುಕಿಸೋರ ಪಾತ್ರ ತಂದು ನಗಿಸೋದು ಸುಲಭ. ನಿಮ್ಮೂರಲ್ಲೂ "ನಾಟಕದವನು" ಅಂತ ಹೆಸರು ಹೊತ್ತವರು ಒಬ್ಬರಾದರೂ ಇರ್ತಾರೆ. ಈ ಸಲ ಊರಿಗೆ ಹೋದಾಗ ಅವರ ಕತ್ತು ನೋಡಬೇಡಿ, ಪಕ್ಕದಲ್ಲಿ ಕೂತು "ರಾತ್ರಿ ನಿದ್ದೆ ಬರುತ್ತಾ?" ಅಂತ ಕೇಳಿ.

ನೀವೇನಂತೀರಿ?