2050 ಮೆಗಾವ್ಯಾಟಿನ ಆಚೆಗೂ ಒಂದು ಪಾವಗಡ ಇದೆ

ಪಾವಗಡ ಅಂದ ತಕ್ಷಣ ನಮ್ಮ ಕ್ಲಾಸಲ್ಲಿ ಬರೋ ಉತ್ತರ ಒಂದೇ: 2050 ಮೆಗಾವ್ಯಾಟ್. ರಿನ್ಯೂಯಬಲ್ ಎನರ್ಜಿ ಬಗ್ಗೆ ಯಾರೇ ಸೆಮಿನಾರ್ ಕೊಟ್ಟರೂ ಆ ಸೋಲಾರ್ ಪಾರ್ಕಿನ ಫೋಟೋ ಒಂದು ಸ್ಲೈಡಲ್ಲಿ ಇದ್ದೇ ಇರುತ್ತೆ. ಮೇಲಿಂದ ತೆಗೆದ ಫೋಟೋ, ಸಾಲು ಸಾಲು ಪ್ಯಾನೆಲ್, ಒಬ್ಬ ಮನುಷ್ಯನೂ ಕಾಣಲ್ಲ. ಆ ಫೋಟೋದಲ್ಲಿ ಕಾಣದ ತಾಲ್ಲೂಕಿನ ಬಗ್ಗೆ ಈ ಸಲ ಬರೆಯುತ್ತಿದ್ದೇವೆ. ಇನ್ನು ಮೂರ್ನಾಲ್ಕು ವರ್ಷದಲ್ಲಿ ಇಂಥ ಪ್ರಾಜೆಕ್ಟುಗಳ ಡ್ರಾಯಿಂಗ್ ಮಾಡೋರು, ಸೈಟಲ್ಲಿ ನಿಲ್ಲೋರು ನಾವೇ ಆಗಿರುತ್ತೇವೆ. ಆಗ ಮೆಗಾವ್ಯಾಟ್ ಮಾತ್ರ ಗೊತ್ತಿದ್ದರೆ ಸಾಲದು ಅನ್ನೋದು ನಮ್ಮ ವಾದ.

ಮೊದಲು ಮ್ಯಾಪ್ ತೆಗೆದು ನೋಡಿ. ಪಾವಗಡ ತುಮಕೂರು ಜಿಲ್ಲೆಯ ತಾಲ್ಲೂಕು, ಆದರೆ ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡೇ ಇಲ್ಲ. ಒಂದು ಕಡೆ ಚಿತ್ರದುರ್ಗ ಜಿಲ್ಲೆ, ಉಳಿದ ಕಡೆಯೆಲ್ಲ ಆಂಧ್ರ. ಮಧುಗಿರಿಯಿಂದ ಪಾವಗಡಕ್ಕೆ ಹೋಗೋ ರಸ್ತೆ ಆಂಧ್ರದ ಮಡಕಶಿರಾ ಸೀಮೆಯೊಳಗೆ ಹಾದು ಮತ್ತೆ ಕರ್ನಾಟಕಕ್ಕೆ ಬರುತ್ತೆ. ಬೆಂಗಳೂರಿಂದ ಸುಮಾರು 160 ಕಿ.ಮೀ. ದೂರ, ಅಷ್ಟೇ. ಆದರೂ ಶನಿಮಹಾತ್ಮನ ದೇವಸ್ಥಾನಕ್ಕೆ ಹೋಗೋರನ್ನ ಬಿಟ್ಟರೆ ಆ ಕಡೆ ಹೋಗೋ ಜನ ಕಡಿಮೆ.

ಮಳೆಯೂ ಕಡಿಮೆಯೇ. ಪಶ್ಚಿಮ ಘಟ್ಟ ದಾಟಿ ಬರೋ ಮೋಡದಲ್ಲಿ ಇಲ್ಲಿಗೆ ಉಳಿಯೋದು ವರ್ಷಕ್ಕೆ ಸುಮಾರು 500-600 ಮಿ.ಮೀ. ಮಳೆ. ಅದೂ ಯಾವಾಗ ಬರುತ್ತೋ ಹೇಳೋಕಾಗಲ್ಲ. ಉತ್ತರ ಪಿನಾಕಿನಿ ಹರಿಯುತ್ತೆ ಅಂತ ಮ್ಯಾಪಲ್ಲಿದೆ, ಆದರೆ ಬಹುತೇಕ ದಿನ ಕಾಣೋದು ಮರಳು. ಬೋರ್‌ವೆಲ್ ಕೊರೆದರೆ ಎಷ್ಟೋ ಕಡೆ ಫ್ಲೋರೈಡ್ ನೀರು. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರೋ ನೀರನ್ನ ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಲೆ, ಮುಂದೆ ಮೂಳೆಗೂ ತೊಂದರೆ. ತುಂಗಭದ್ರಾ ಹಿನ್ನೀರನ್ನ ಅಷ್ಟು ದೂರದಿಂದ ಪೈಪಲ್ಲಿ ತರೋ ಯೋಜನೆ ಹುಟ್ಟಿದ್ದು ಈ ಕಾರಣಕ್ಕೇ.

ಇಲ್ಲಿನ ಜನ ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಲ್ಲಿ ಆಡುತ್ತಾರೆ. ಪಾರ್ಕ್ ಇರೋ ಐದು ಹಳ್ಳಿಗಳ ಹೆಸರು ಕೇಳಿ: ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು. 'ಚೆರ್ಲು' ಅಂದಾಗ ತೆಲುಗಿನ 'ಚೆರುವು' ನೆನಪಾಗುತ್ತೆ, ಅಂದರೆ ಕೆರೆ. 'ಸಮುದ್ರ' ಅನ್ನೋದು ನಮ್ಮ ಕಡೆ ದೊಡ್ಡ ಕೆರೆಗೆ ಇಡೋ ಹಳೇ ಹೆಸರು. ನೀರಿನ ಹೆಸರು ಹೊತ್ತ ಊರುಗಳಲ್ಲೇ ಈಗ ಬಿಸಿಲಿನ ಬೆಳೆ. ಕಡ್ಲೆಕಾಯಿ, ರಾಗಿ, ತೊಗರಿ, ಹುರುಳಿ, ಜೊತೆಗೆ ಕುರಿ ಸಾಕಣೆ. ಇದೇ ಇಲ್ಲಿನ ಬದುಕು. ಮಳೆ ಕೈಕೊಟ್ಟ ವರ್ಷ ಕೂಲಿಗೆ ಬೆಂಗಳೂರು. 2002ರ ಡಿ.ಎಂ. ನಂಜುಂಡಪ್ಪ ಸಮಿತಿ ವರದಿಯ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಪಾವಗಡವೂ ಇತ್ತು.

ಇಂಥ ಕಡೆ ಸೋಲಾರ್ ಬಂದಿದ್ದು ಆಕಸ್ಮಿಕ ಏನಲ್ಲ. ಬಿಸಿಲು ಜಾಸ್ತಿ, ನೆಲ ಸಮತಟ್ಟು, ಮರ ಕಡಿಮೆ, ಬೆಳೆಯಿಂದ ಬರೋ ಆದಾಯವೂ ಕಡಿಮೆ. ರೈತನಿಗೆ ಕಷ್ಟ ಕೊಟ್ಟ ಗುಣಗಳೇ ನಮ್ಮ ಸೈಟ್ ಸೆಲೆಕ್ಷನ್ ಪಟ್ಟಿಯಲ್ಲಿ ಒಳ್ಳೇ ಅಂಕ ತಗೊಂಡವು. 2015ರಲ್ಲಿ ಕೇಂದ್ರ, ರಾಜ್ಯ ಎರಡರ ಸಂಸ್ಥೆಗಳು ಸೇರಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಶುರು ಮಾಡಿದವು. 2018ರ ಮಾರ್ಚಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ 2050 ಮೆಗಾವ್ಯಾಟ್. ಜಾಗ ಸುಮಾರು 13,000 ಎಕರೆ.

ಒಂದು ವಿಷಯವನ್ನ ಮನಸಾರೆ ಮೆಚ್ಚಬೇಕು. ಆ ಜಮೀನನ್ನ ಸರ್ಕಾರ ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಕಾಲು ಶತಮಾನದಷ್ಟು ಉದ್ದದ ಗುತ್ತಿಗೆಗೆ ತಗೊಂಡಿತು. ಮಾಲೀಕತ್ವ ರೈತನ ಹೆಸರಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಕಡ್ಲೆಕಾಯಿ ಬಿತ್ತಿ ಆಕಾಶ ನೋಡ್ತಾ ಕೂತಿದ್ದ ಮನೆಗೆ ಮಳೆ ಬಂದರೂ ಬರದಿದ್ದರೂ ಬರೋ ಹಣ ಅದು. ಹತ್ತಿಪ್ಪತ್ತು ಎಕರೆ ಇದ್ದವರಿಗೆ ನಿಜವಾಗಲೂ ಒಳ್ಳೇದಾಗಿದೆ.

ಈಗ ಕ್ಯಾಲ್ಕುಲೇಟರ್ ತಗೊಳ್ಳಿ. ಮೂರು ಎಕರೆ ಇರೋ ಮನೆಗೆ ಶುರುವಿನ ದರದಲ್ಲಿ ವರ್ಷಕ್ಕೆ 63,000, ಅಂದರೆ ತಿಂಗಳಿಗೆ 5,250 ರೂಪಾಯಿ. ಇನ್ನು ಏರಿಕೆ ನೋಡಿ. ಎರಡು ವರ್ಷಕ್ಕೆ ಶೇ. 5 ಅಂದರೆ 24 ವರ್ಷದಲ್ಲಿ 12 ಸಲ. 21,000 ಆಗೋದು ಸುಮಾರು 37,700. ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿಯೇ ವರ್ಷಕ್ಕೆ ಶೇ. 4. ಆ ಲೆಕ್ಕದಲ್ಲಿ ಇವತ್ತಿನ 21,000ಕ್ಕೆ ಸಿಗೋ ಸಾಮಾನಿಗೆ ಆಗ ಸುಮಾರು 53,800 ಬೇಕು. ಅಂದರೆ ಬಾಡಿಗೆ ಪೇಪರಲ್ಲಿ ಏರುತ್ತೆ, ಅಂಗಡಿಯಲ್ಲಿ ಇಳಿಯುತ್ತೆ. ನಾವು ಫಸ್ಟ್ ಇಯರಲ್ಲಿ ಕಲಿತ ಕಾಂಪೌಂಡಿಂಗ್ ಸಾಕು ಇದನ್ನ ಹಿಡಿಯೋಕೆ.

ಇನ್ನೊಂದು ಲೆಕ್ಕ. ಸೋಲಾರ್ ರಾತ್ರಿ ಕೆಲಸ ಮಾಡಲ್ಲ, ಮೋಡ ಇದ್ದರೆ ಕಡಿಮೆ ಮಾಡುತ್ತೆ. ವರ್ಷದ ಸರಾಸರಿ ಸಾಮರ್ಥ್ಯದ ಶೇ. 22 ಅಂತ ಇಟ್ಟುಕೊಂಡರೂ 2050 ಮೆಗಾವ್ಯಾಟಿಗೆ ಹತ್ತಿರ ಹತ್ತಿರ 400 ಕೋಟಿ ಯೂನಿಟ್ ಆಗುತ್ತೆ. 13,000 ಎಕರೆಗೆ 21,000ದಂತೆ ಒಟ್ಟು ಬಾಡಿಗೆ 27.3 ಕೋಟಿ. ಭಾಗಿಸಿ ನೋಡಿ, ಯೂನಿಟ್ಟಿಗೆ ಏಳು ಪೈಸೆ ಆಸುಪಾಸು. ಈ ಪಾರ್ಕಿನ ಕರೆಂಟು ಮಾರಾಟ ಆಗೋದು ಯೂನಿಟ್ಟಿಗೆ ಮೂರು ರೂಪಾಯಿ ಆಸುಪಾಸಿನಿಂದ ಐದು ರೂಪಾಯಿಯೊಳಗೆ. ಪ್ಯಾನೆಲ್, ಇನ್ವರ್ಟರ್, ಸಾಲದ ಬಡ್ಡಿ ಎಲ್ಲಾ ಖರ್ಚಿದೆ, ಒಪ್ಪುತ್ತೇವೆ. ಆದರೂ ನೆಲದ ಪಾಲು ಇಷ್ಟು ಚಿಕ್ಕದು ಅಂತ ಯಾವ ಸ್ಲೈಡೂ ಹೇಳಲ್ಲ.

ಈ ಏಳು ಪೈಸೆ ಕೂಡ ಸಿಗೋದು ಪಹಣಿಯಲ್ಲಿ ಹೆಸರು ಇರೋರಿಗೆ ಮಾತ್ರ. ಬೇರೆಯವರ ಹೊಲದಲ್ಲಿ ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿ ಕೂಲಿ ತಗೋತಿದ್ದ ಹೆಂಗಸರಿಗೆ ಹೊಲವೂ ಇಲ್ಲ, ಬಾಡಿಗೆಯೂ ಇಲ್ಲ. ಸರ್ಕಾರಿ ಜಮೀನನ್ನ ಬಗರ್ ಹುಕುಂನಲ್ಲಿ ಉಳುತ್ತಿದ್ದು ದಾಖಲೆ ಮಾಡಿಸಿಕೊಳ್ಳದವರ ಕೈಗೂ ಏನೂ ಬರಲ್ಲ. ಕುರಿ ಮೇಯಿಸೋರಿಗೆ ಬೇಲಿ ಅಡ್ಡ. ಪಾರ್ಕಿನೊಳಗೆ ಅವರಿಗೆ ಸಿಗೋ ಕೆಲಸ ಅಂದರೆ ಪ್ಯಾನೆಲ್ ತೊಳೆಯೋದು, ಹುಲ್ಲು ಕೀಳೋದು, ಸೆಕ್ಯುರಿಟಿ. ಹೊಲ ಕೇಳುತ್ತಿದ್ದಷ್ಟು ಕೈಗಳನ್ನ ಸೋಲಾರ್ ಕೇಳಲ್ಲ. ಕಟ್ಟೋವಾಗ ಸಾವಿರಾರು ಜನ ಬೇಕು, ಕಟ್ಟಿದ ಮೇಲೆ ಸ್ವಲ್ಪ ಜನ ಸಾಕು.

ಇಲ್ಲೇ ನಮ್ಮ ಕನ್ನಡ ಸಂಘಕ್ಕೂ ಒಂದು ಮಾತಿದೆ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂನವರು. ಇರೇಡಿಯನ್ಸ್ ಅಂದರೆ ಥಟ್ ಅಂತ ಯೂನಿಟ್ ಸಮೇತ ಹೇಳುತ್ತೇವೆ. ಪಹಣಿ, ಗೋಮಾಳ, ಖರಾಬು, ಬಗರ್ ಹುಕುಂ ಅಂದರೆ ಪಕ್ಕದವರ ಮುಖ ನೋಡುತ್ತೇವೆ. ಆದರೆ ಆ ತಾಲ್ಲೂಕಲ್ಲಿ ಯಾರಿಗೆ ಹಣ ಬರುತ್ತೆ, ಯಾರಿಗೆ ಬರಲ್ಲ ಅನ್ನೋದನ್ನ ತೀರ್ಮಾನ ಮಾಡಿದ್ದು ಈ ಪದಗಳೇ. ಕನ್ನಡ ನಮಗೆ ರಾಜ್ಯೋತ್ಸವದ ದಿನದ ಶಲ್ಯ ಮಾತ್ರ ಆಗಿದ್ದರೆ ಸೈಟಲ್ಲಿ ಅದು ಉಪಯೋಗಕ್ಕೆ ಬರಲ್ಲ. ಗುತ್ತಿಗೆ ಪತ್ರ ಓದೋಕೆ, ಹೊಲದ ಬದುವಲ್ಲಿ ನಿಂತು ಮಾತಾಡೋಕೆ ಬೇಕಾದ ಕನ್ನಡ ಬೇರೆ. ಪಾವಗಡದಲ್ಲಾದರೆ ಸ್ವಲ್ಪ ತೆಲುಗೂ ಬೇಕು.

ಸೋಲಾರ್ ಬೇಡ ಅಂತ ನಾವು ಹೇಳುತ್ತಿಲ್ಲ. ಕಲ್ಲಿದ್ದಲು ಬಿಡಬೇಕು, ಬಿಸಿಲು ಬಳಸಬೇಕು. ಪಾರ್ಕನ್ನ ಇನ್ನೂ ವಿಸ್ತರಿಸೋ ಮಾತೂ ಇದೆ, ಆಗಲಿ. ಆದರೆ ಮುಂದಿನ ಗುತ್ತಿಗೆ ಬರೆಯೋವಾಗ ಬಾಡಿಗೆ ಏರಿಕೆಯನ್ನ ಹಣದುಬ್ಬರಕ್ಕೆ ಕಟ್ಟಿ. ಮಾರಾಟ ಆಗೋ ಪ್ರತಿ ಯೂನಿಟ್ಟಿಗೆ ಒಂದು ಪೈಸೆಯನ್ನ ಜಮೀನಿಲ್ಲದ ಮನೆಗಳಿಗೆ ಅಂತಲೇ ತೆಗೆದಿಡಿ. 400 ಕೋಟಿ ಯೂನಿಟ್ಟಿಗೆ ಅದು ವರ್ಷಕ್ಕೆ ನಾಲ್ಕು ಕೋಟಿ. ಐದು ಹಳ್ಳಿಗೆ ಸಣ್ಣ ಮೊತ್ತ ಏನಲ್ಲ. ಬ್ಲಾಕ್‌ಗಳ ಮಧ್ಯೆ ಕುರಿ ಹೋಗೋಕೆ ದಾರಿ ಬಿಡಿ. ಆ ಹಳ್ಳಿಗಳ ಮಕ್ಕಳಿಗೆ ಐಟಿಐ, ಡಿಪ್ಲೊಮಾ ಓದಿಸಿ ಕಂಟ್ರೋಲ್ ರೂಮ್ ಒಳಗೆ ಕೂರಿಸಿ. ಇದಕ್ಕೆ ಹೊಸ ಟೆಕ್ನಾಲಜಿ ಏನೂ ಬೇಡ.

ಮತ್ತೆ ನಮ್ಮ ಕಾಲೇಜಿಗೆ ಒಂದು ಕೋರಿಕೆ. ಸೋಲಾರ್ ಮೇಲೆ ಮಿನಿ ಪ್ರಾಜೆಕ್ಟ್ ಮಾಡೋರ ರಿಪೋರ್ಟಲ್ಲಿ ಸೈಟ್ ಬಗ್ಗೆ ಒಂದು ಅಧ್ಯಾಯ ಕಡ್ಡಾಯ ಮಾಡಿ: ಆ ಜಾಗದಲ್ಲಿ ಮೊದಲು ಏನು ಬೆಳೀತಿತ್ತು, ಯಾರು ಕೆಲಸ ಮಾಡ್ತಿದ್ದರು, ನೀರು ಎಲ್ಲಿಂದ ಬರುತ್ತೆ, ಪಹಣಿ ಯಾರ ಹೆಸರಲ್ಲಿದೆ. ವೈವಾದಲ್ಲಿ ಇನ್ವರ್ಟರ್ ಎಫಿಶಿಯೆನ್ಸಿ ಕೇಳಿದಷ್ಟೇ ಗಟ್ಟಿಯಾಗಿ ಇದನ್ನೂ ಕೇಳಿ. ಹೇಗೂ ಮಾರ್ಕ್ಸ್ ಇದ್ದರೆ ನಾವು ಓದೇ ಓದುತ್ತೇವೆ.