ಬಿಸಿಯೋ, ಖಾರವೋ?

ಇಂಗ್ಲಿಷಿನ ‘ಹಾಟ್’ ಮೂರಕ್ಷರದ ಪುಟ್ಟ ಮಾತು. ಆದರೆ ಅದನ್ನು ಕನ್ನಡಕ್ಕೆ ತರಲು ಒಂದು ಮಾತು ಸಾಲದು. ಒಲೆಯಿಂದಿಳಿದ ಅನ್ನ ಬಿಸಿ, ಬಾಣಲೆಯ ಎಣ್ಣೆ ಕಾದದ್ದು, ವೈಶಾಖದ ಹಗಲು ಸೆಕೆ, ಬೆಂಕಿಯ ಬಳಿ ಮೈಗೆ ತಾಗುವುದು ಝಳ, ಮೆಣಸಿನಕಾಯಿ ಖಾರ. ಆಂಗ್ಲನಿಗೆ ಇವೆಲ್ಲವೂ ‘ಹಾಟ್’.

ಗೊಂದಲ ತಪ್ಪಿಸಲು ಅವನಲ್ಲಿಯೂ ಬೇರೆ ಮಾತುಗಳುಂಟು. ‘ಪಂಜೆಂಟ್’ ಎಂದರೆ ನಾಲಗೆಯನ್ನೋ ಮೂಗನ್ನೋ ಚುಚ್ಚುವಂಥದು. ನಮ್ಮ ಖಾರವೂ ಘಾಟೂ ಅದರಲ್ಲಿ ಅಡಗಿವೆ. ‘ಸ್ಪೈಸಿ’ ಎಂದರೆ ಮಸಾಲೆಯುಳ್ಳದ್ದು. ಲವಂಗ, ಏಲಕ್ಕಿ ಬೆರೆತ ಅಡುಗೆ ಖಾರವಿಲ್ಲದೆಯೂ ಸ್ಪೈಸಿ ಎನಿಸಬಹುದು.

ಈ ಭೇದದ ಬೆಲೆಯನ್ನು ಬ್ಯಾಡಗಿಯ ಪೇಟೆ ಚೆನ್ನಾಗಿ ಬಲ್ಲದು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಲ್ಲಿನ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಬಣ್ಣ ಕಡುಗೆಂಪು, ಖಾರ ಕಡಿಮೆ. ಅಡುಗೆ ಬಲ್ಲವರು ಬಣ್ಣಕ್ಕೆ ಬ್ಯಾಡಗಿಯನ್ನೂ ಖಾರಕ್ಕೆ ಗುಂಟೂರನ್ನೂ ಬೆರೆಸುತ್ತಾರೆ. ಅದರಿಂದ ತೆಗೆದ ಕೆಂಪು ಸತ್ವ ತಿನಿಸುಗಳಿಗೆ ಬಣ್ಣವಾಗುತ್ತದೆ. ಇಂಥ ಕಾಯಿಯ ಚೀಲದ ಮೇಲೆ ‘ಹಾಟ್’ ಎಂದು ಬರೆದರೆ ಖಾರ ಬೇಡಿದವನಿಗೆ ನಿರಾಶೆ. ಬಣ್ಣ ಬಯಸಿದವನು ಅಂಜಿ ದೂರ ಸರಿದರೆ ಬೆಳೆದ ರೈತನಿಗೆ ನಷ್ಟ. ಒಂದು ಪದದ ತಪ್ಪು ತಕ್ಕಡಿಯವರೆಗೂ ಬರುತ್ತದೆ.

ಹಾಗೆಂದು ಇಂಗ್ಲಿಷನ್ನು ಹಳಿಯಬೇಕಾಗಿಲ್ಲ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ನರದಲ್ಲಿ ಅದು ತೆರೆಯುವ ಬಾಗಿಲನ್ನೇ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖವೂ ತೆರೆಯುತ್ತದೆಂದು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. 2021ರ ವೈದ್ಯಕೀಯ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸರಿಗೂ ಪಾಲು ದೊರೆಯಿತು. ಖಾರ ತಿಂದ ಬಾಯಿ ‘ಉರಿ’ಯುತ್ತದೆ ಎನ್ನುವಾಗ ಕನ್ನಡಿಗನೂ ಅದೇ ನರದ ಸಾಕ್ಷ್ಯವನ್ನು ನುಡಿಯುತ್ತಾನೆ. ಆದರೆ ಉರಿಯನ್ನು ಉಂಟುಮಾಡಿದ ಗುಣಕ್ಕೆ ಬೇರೆಯೇ ಹೆಸರಿಟ್ಟಿದ್ದಾನೆ. ‘ಖಾರ’ದ ಮೂಲ ಸಂಸ್ಕೃತದ ‘ಕ್ಷಾರ’. ಅದರಲ್ಲಿ ಬೆಂಕಿಯ ಶಾಖವಿಲ್ಲ, ತಾಗಿದಲ್ಲಿ ಕೊರೆಯುವ ತೀಕ್ಷ್ಣತೆಯಿದೆ.

ಆದುದರಿಂದ ಅನುವಾದಕನು ನಿಘಂಟನ್ನು ತೆರೆಯುವ ಮುನ್ನ ವಸ್ತುವನ್ನು ನೋಡಬೇಕು. ‘ಹಾಟ್ ಕಾಫಿ’ ಬಿಸಿ ಕಾಫಿ. ‘ಹಾಟ್ ಸಾಸ್’ ಮಾತ್ರ ಬಿಸಿ ಸಾಸ್ ಅಲ್ಲ, ಖಾರದ ಸಾಸ್. ಬ್ಯಾಡಗಿಯ ಕಡೆ ತಟ್ಟೆಗೆ ಬಿಸಿ ರೊಟ್ಟಿ, ಬದಿಗೆ ಕೆಂಪು ಖಾರ ಬೀಳುತ್ತದೆ. ರೊಟ್ಟಿ ಆರಿದರೆ ಬಿಸಿ ಹೋಯಿತು; ಖಾರ ಎಷ್ಟು ಹೊತ್ತು ಕುಳಿತರೂ ಖಾರವೇ.