ಪಾಪನಾಶದ ಕಣಿವೆಯೂ ಮೇಲಿನ ನೆಲವೂ

ಘಾಟಬೋರಾಳದ ಕಡೆಯಿಂದ ಬೀದರಕ್ಕೆ ಶೈಕ್ಷಣಿಕ ಪ್ರವಾಸ ಹೋಗುವ ಮಕ್ಕಳು ಮುಂಜಾನೆ ಕೋಟೆಯನ್ನು ಸುತ್ತುತ್ತಾರೆ, ಮಹಮೂದ ಗವಾನನ ಮದರಸಾದ ಎದುರು ನಿಲ್ಲುತ್ತಾರೆ, ಹೊತ್ತು ಇಳಿದ ಮೇಲೆ ದಣಿದ ಕಾಲುಗಳನ್ನೆಳೆಯುತ್ತ ಪಾಪನಾಶಕ್ಕೆ ಬರುತ್ತಾರೆ. ಬುತ್ತಿಯ ಗಂಟು ಬಿಚ್ಚಲು ಅದು ತಕ್ಕ ಸ್ಥಳವೆಂಬುದನ್ನು ಅಧ್ಯಾಪಕರು ಬಲ್ಲರು. ರೊಟ್ಟಿ, ಶೇಂಗಾ ಹಿಂಡಿ ಮುಗಿಯುವಷ್ಟರಲ್ಲಿ ಬಸ್ಸಿನವನು ಅವಸರ ಮಾಡುತ್ತಾನೆ. ಪಾಪನಾಶದ ದರ್ಶನವು ಅಲ್ಲಿಗೆ ಸಂಪನ್ನವಾಗುತ್ತದೆ!

ಆ ಕ್ಷೇತ್ರವು ಇಷ್ಟು ಅಲ್ಪ ಗಮನಕ್ಕೆ ಯೋಗ್ಯವಾದುದಲ್ಲ. ರಮಣೀಯವಾದ ಕಣಿವೆ; ಹಸುರಿನ ನಡುವೆ ಶಿವಾಲಯ; ಅದರ ಕೆಳಗೆ ಸಹಜ ಚಿಲುಮೆಯಿಂದ ತುಂಬುವ ಹೊಂಡ. ಲಂಕೆಯಿಂದ ಮರಳುವಾಗ ಶ್ರೀರಾಮನು ಸ್ಥಾಪಿಸಿದ ಲಿಂಗಗಳಲ್ಲಿ ಇದೂ ಒಂದೆಂಬ ಪ್ರತೀತಿಯುಂಟು. ಪುರಾತನ ದೇವಾಲಯವು ಕಾಲಗರ್ಭದಲ್ಲಿ ಅಡಗಿತು. ಇಂದು ಕಾಣುವುದು ಅನಂತರದ ಕಟ್ಟಡ. ಮಹಾಶಿವರಾತ್ರಿಯಂದು ಇಲ್ಲಿಗೆ ಬರುವ ಭಕ್ತರು ಅಪಾರ. ಕಟ್ಟಡ ಬದಲಾದರೂ ಜನರನ್ನು ಮತ್ತೆ ಮತ್ತೆ ಕಣಿವೆಗಿಳಿಸಿದ ಆಕರ್ಷಣೆಯಲ್ಲಿ ಆ ನೀರಿನ ಪಾಲು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ನೀರು ಕಣಿವೆಯಲ್ಲಿ ಹುಟ್ಟುವುದಿಲ್ಲ. ಬೀದರ ನಗರವು ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲೆ. ಜಂಬಿಟ್ಟಿಗೆ ಕಲ್ಲು ರಂಧ್ರಮಯವಾದುದು. ಮೇಲೆ ಬಿದ್ದ ಮಳೆಯನ್ನು ಹೀರಿ ಒಳಗಿಳಿಸುತ್ತದೆ. ಅದರ ತಳದಲ್ಲಿ ನೀರು ಸುಲಭವಾಗಿ ಇಳಿಯದ ಪದರವಿದೆ. ಕೆಳಗೆ ದಾರಿ ಕಾಣದ ನೀರು ಪಕ್ಕಕ್ಕೆ ಹರಿದು, ಎತ್ತರದ ನೆಲ ಮುಗಿದು ಕಣಿವೆ ಆರಂಭವಾಗುವಲ್ಲಿ ಚಿಲುಮೆಯಾಗಿ ಹೊರಬರುತ್ತದೆ. ನಾನಕ ಝೀರಾದ ಅಮೃತವೆನಿಸಿದ ನೀರಿಗೂ, ಭಕ್ತರು ನೀರಿನಲ್ಲಿ ನಡೆದುಹೋಗಿ ದರ್ಶನ ಪಡೆಯುವ ಝರಣಿ ನರಸಿಂಹನ ಗುಹೆಗೂ ಇದೇ ಮೂಲ. 15ನೆಯ ಶತಮಾನದಲ್ಲಿ ಬಹಮನಿ ಅರಸರ ಕಾಲದವರು ಈ ಮರ್ಮವನ್ನರಿತೇ ನೌಬಾದಿನಲ್ಲಿ ಕರೇಜ್ ಎಂಬ ನೆಲದೊಳಗಿನ ಕಾಲುವೆಯನ್ನು ಕೊರೆಸಿದರು; ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಶೈವ, ವೈಷ್ಣವ, ಸಿಖ್ಖ, ಮುಸಲ್ಮಾನ ಎಂಬ ಭೇದವನ್ನು ಮೇಲೆ ಬಿದ್ದ ಮಳೆ ಎಣಿಸಲಿಲ್ಲ.

ಇಲ್ಲಿಯೇ ಆತಂಕದ ವಿಷಯವಿರುವುದು. ಕಣಿವೆಯ ಉದ್ಯಾನಕ್ಕೆ ಬೇಲಿ ಹಾಕಬಹುದು, ಹೊಂಡದ ಮೆಟ್ಟಿಲು ತೊಳೆಯಬಹುದು, ಗಿಡಗಳಿಗೆ ಮಾಲಿಯನ್ನು ನೇಮಿಸಬಹುದು. ಮೇಲಿನ ನೆಲವು ಸಿಮೆಂಟಿನಿಂದ ಮುಚ್ಚುತ್ತ ಹೋದರೆ, ಊರಿನ ಹೊಲಸು ಅದರೊಳಗೆ ಇಂಗಿದರೆ, ಆಳದ ಕೊಳವೆಬಾವಿಗಳು ನೀರನ್ನೆಲ್ಲ ಮೊದಲೇ ಸೆಳೆದುಕೊಂಡರೆ, ಕೆಳಗಿನ ಸೇವೆಯೆಲ್ಲ ಬೇರು ಕಡಿದ ಗಿಡಕ್ಕೆ ಎಲೆ ಒರೆಸಿದಂತೆಯೇ. ಹೊಂಡಕ್ಕೆ ಕಸ ಎಸೆದವನನ್ನು ಭಕ್ತರು ಗದರಿಸುತ್ತಾರೆ, ಅದು ಸರಿ. ಮಳೆಯ ನೀರು ಇಳಿಯುವ ಬಯಲನ್ನು ಮುಚ್ಚಿದವನನ್ನು ಮಾತ್ರ ಯಾರೂ ಕೇಳುವುದಿಲ್ಲ.

ಶ್ರದ್ಧೆಯ ತಾಣದಲ್ಲಿ ಕಲ್ಲು ಮಣ್ಣಿನ ವಿಚಾರವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಕಲ್ಯಾಣದ ಶರಣರು ಅರಿವಿಲ್ಲದ ತೀರ್ಥಸ್ನಾನವನ್ನು ಪ್ರಶ್ನಿಸಿದ ನೆಲವಿದು. ಇಲ್ಲಿ ಆ ಆಕ್ಷೇಪಣೆ ಶೋಭಿಸದು. 1972ರ ಬರವನ್ನು ಕಂಡ ಹಿರಿಯರೂ, 2016ರಲ್ಲಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ ಕಿರಿಯರೂ ಈ ಜಿಲ್ಲೆಯಲ್ಲಿದ್ದಾರೆ. ಅವರಿಗೆ ನೀರಿನ ಪಾಠ ಅಪರಿಚಿತವೇನಲ್ಲ.

ಪ್ರವಾಸದ ಕ್ರಮವನ್ನು ಅಧ್ಯಾಪಕರು ತಿರುವುಮುರುವು ಮಾಡಿದರೆ ಸಾಕು. ಮಕ್ಕಳು ಮೊದಲು ನೌಬಾದಿನ ಕರೇಜಿನ ಬಾಯಿಗಳನ್ನು ನೋಡಲಿ. ಮೇಲಿನ ಕೆಂಪು ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು ಅದು ಹೇಗೆ ಮಾಯವಾಗುತ್ತದೆಂಬುದನ್ನು ಕಣ್ಣಾರೆ ಕಾಣಲಿ. ಅನಂತರ ಪಾಪನಾಶದ ಕಣಿವೆಗಿಳಿದು, ಹೊಂಡದ ಅಂಚಿನಲ್ಲಿ ನಿಂತು, ದೇವರಿಗೆ ಕೈ ಮುಗಿಯಲಿ. ಕೋಟೆ ಮಧ್ಯಾಹ್ನದವರೆಗೆ ಕಾಯುತ್ತದೆ.